ಛೀಮಾವ ಬಾಯಿಟ್ಟ ರೆಗ್ಯುಲೇಟರ್

ಹೆಂಡತಿ ಕುಡಿದಿಟ್ಟ ಲೋಟವನ್ನೂ ಮುಟ್ಟದ ಮನುಷ್ಯನ ಹಣೆಯಲ್ಲಿ ಬರೆದದ್ದು ಊರವರ ಎಂಜಲು. ಕಡಲ ತಳಕ್ಕಿಳಿಯುವವರಿಗೆ ಸಿಲಿಂಡರಿನ ಗಾಳಿಯನ್ನು ಬಾಯಿಗೆ ಮುಟ್ಟಿಸುವ ರೆಗ್ಯುಲೇಟರ್ ರಿಪೇರಿ ಅವನ ಕಸುಬು. ಒಂದೊಂದನ್ನು ಬಿಚ್ಚುವಾಗಲೂ ‘ಛೀ’ ಎನ್ನುತ್ತಿದ್ದುದರಿಂದ ಬಂದರಿನ ಬೀದಿಗೆಲ್ಲ ಅವನು ಛೀಮಾವ.

ಪ್ರವಾಸಿಗಳ ದೋಣಿ ನಡೆಸುವ ಅಳಿಯ ಅವತ್ತು ಒಂದು ರೆಗ್ಯುಲೇಟರ್ ತಂದು ಮೇಜಿನ ಮೇಲೆ ಒಗೆದ.

“ಮಾವ, ಉಸಿರೆಳೆದ್ರೆ ಗಾಳಿ ಜೊತೆ ನೀರೂ ಬರುತ್ತೆ. ಮಧ್ಯಾಹ್ನ ನಿಮ್ಮ ಮಗಳು ಇದನ್ನೇ ಕಚ್ಕೊಂಡು ಇಳೀಬೇಕು.”

“ತೊಳೆದಿದ್ದೀಯಾ?”

“ತೊಳೀದೆ ತರ್ತೀನಾ?”

ಮುಚ್ಚಳ ಬಿಚ್ಚಿದ್ದೇ ತಡ, ಹುಳಿ ನಾತ ಗಪ್ಪೆಂದು ಮೂಗಿಗೆ ಹೊಡೆಯಿತು. ಬಿಟ್ಟ ಉಸಿರು ಹೊರಹೋಗುವ ತೂತಿಗೆ ತೆಳು ರಬ್ಬರಿನ ಬಾಗಿಲೊಂದಿರುತ್ತದೆ. ಉಸಿರು ಹೋಗಬೇಕು, ನೀರು ಬರಬಾರದು. ಒಣಗಿದ ವಾಂತಿಯ ಚೂರೊಂದು ಆ ಬಾಗಿಲನ್ನು ಮುಚ್ಚಗೊಡದೆ ಸಂದಿಯಲ್ಲಿ ಕಚ್ಚಿ ಕೂತಿತ್ತು.

“ಛೀ! ಇದು ತೊಳೆದದ್ದಲ್ಲ, ನೀರಿಗೆ ಮುಖ ತೋರಿಸಿದ್ದು.”

“ಯಾರೋ ಪ್ರವಾಸಿ ಕಕ್ಕಿರ್ಬೇಕು ಮಾವ. ಹೊಟ್ಟೆ ಗಟ್ಟಿ ಇಲ್ದೋರೆಲ್ಲ ಕಡಲಿಗೆ ಬರ್ತಾರೆ!”

ಛೀಮಾವ ಮುಖ ಕಿವುಚಿಕೊಂಡೇ ಚಿಮಟದಿಂದ ಚೂರು ಕಿತ್ತ, ಸೊಟ್ಟಗಾದ ರಬ್ಬರ್ ತೆಗೆದು ಹೊಸದು ಕೂರಿಸಿದ, ಎಲ್ಲವನ್ನೂ ಸೋಪುನೀರಿನಲ್ಲಿ ಉಜ್ಜಿದ. ಆಮೇಲೆ ಹಲ್ಲಿನಲ್ಲಿ ಕಚ್ಚುವ ಬಾಯಿರಬ್ಬರನ್ನು ಕಳಚಿ ಬೆಳಕಿಗೆ ಹಿಡಿದ. ಹಲ್ಲಿನ ಗುರುತುಗಳು ಸಾಲಾಗಿ ಬಿದ್ದಿದ್ದವು. ಎಡಗಡೆ ಒಂದು ಹಲ್ಲಿನ ಜಾಗ ಮಾತ್ರ ನುಣ್ಣಗಿತ್ತು. ಅಳಿಯನ ಬಾಯಿ ನೋಡಿದ. ಮದುವೆ ಮಾತುಕತೆಯ ದಿನವೇ ಆ ಹಲ್ಲಿಲ್ಲದ ಕಿಂಡಿ ಅವನ ಕಣ್ಣಿಗೆ ಬಿದ್ದಿತ್ತು.

“ಈ ಪ್ರವಾಸಿ ನನ್ನ ಮನೇಲಿ ಎಷ್ಟು ದಿನದಿಂದ ಉಣ್ತಾ ಇದ್ದಾನೆ?”

ಅಳಿಯನ ಮುಖ ಸಪ್ಪಗಾಯಿತು. “ಅವಳಿಗೆ ಹೇಳ್ಬೇಡಿ ಮಾವ. ದೋಣಿ ಯಜಮಾನನೇ ಕಕ್ಕಿದ ಅಂದ್ರೆ ಜನ ನಗ್ತಾರೆ.”

“ಕಕ್ಕಿದ್ದಕ್ಕಲ್ಲ ಕಣೋ ಹೇಸಿಗೆ. ಕಕ್ಕಿದ್ದನ್ನ ಹೆಂಡ್ತಿ ಬಾಯಿಗೆ ಇಡೋಕೆ ಹೊರಟಿದ್ದೀಯಲ್ಲ, ಅದಕ್ಕೆ.”

ಹೊಸ ಬಾಯಿರಬ್ಬರ್ ಹಾಕಿದ್ದಾಯಿತು. ಉಳಿದದ್ದು ಒಂದೇ ಪರೀಕ್ಷೆ: ಗಾಳಿಯ ಕೊಳವೆ ಮುಚ್ಚಿಹಿಡಿದು ಬಾಯಿಂದ ಹೀರಬೇಕು, ಎಲ್ಲೂ ಸೋರದಿದ್ದರೆ ಅದು ನಾಲಿಗೆಗೆ ಜಿಗಣೆಯಂತೆ ಅಂಟುತ್ತದೆ. ಇಷ್ಟು ವರ್ಷವೂ ಈ ಕೆಲಸಕ್ಕೆ ಛೀಮಾವ ತಂದವರ ಬಾಯನ್ನೇ ಬಳಸಿದ್ದ. ರೂಢಿಯಂತೆ ಅಳಿಯ ಕೈಚಾಚಿದ.

“ಮುಟ್ಬೇಡ. ನಿನ್ನ ಬಾಯಿ ಸಾಕ್ಷಿ ಕೇಳಿದ್ದಾಯ್ತು.”

ಕಣ್ಣು ಬಿಗಿಯಾಗಿ ಮುಚ್ಚಿ, ಕಹಿ ಕಷಾಯ ಕುಡಿಯುವವನಂತೆ ತಾನೇ ಕಚ್ಚಿ ಹೀರಿದ. ಅವನು ಬಿಡಲಿಲ್ಲ. ಅದೂ ನಾಲಿಗೆಯನ್ನು ಬಿಡಲಿಲ್ಲ.

ಬಾಯಿ ಮುಕ್ಕಳಿಸಿ, ಹಳೆಯ ರಬ್ಬರನ್ನು ಅಳಿಯನ ಜೇಬಿಗೆ ತುರುಕಿ, ರಿಪೇರಿಯಾದದ್ದನ್ನು ಶುಭ್ರ ಬಟ್ಟೆಯಲ್ಲಿ ಸುತ್ತಿಕೊಂಡು ತಾನೇ ದೋಣಿ ನಿಲ್ಲುವ ದಕ್ಕೆಗೆ ನಡೆದ.

“ಯಾರಪ್ಪ ಹೀರಿ ನೋಡಿದ್ದು?” ಮಗಳು ಕೇಳಿದಳು.

“ನಾನೇ.”

“ಛೀ ಅಪ್ಪಾ!” ಎಂದು ನಕ್ಕ ಮಗಳು, ಒರೆಸದೆ ಬಾಯಿಗಿಟ್ಟುಕೊಂಡಳು.