ಮೈಕು ಆರಿಸಿ, ಭಾಷೆ ಆರಿಸಿ

ನಾನು ರೈಟರ್ ಆಗಿದ್ದೆ ಎಂದರೆ ಬಯಲುಸೀಮೆಯ ನೆಂಟರು ಎಷ್ಟು ಪುಸ್ತಕ ಬಂದಿವೆ ಎಂದು ಕೇಳುತ್ತಾರೆ. ನಮ್ಮ ಕಡೆ ರೈಟರ್ ಎಂದರೆ ಕಾಫಿ ತೋಟದ ಗುಮಾಸ್ತ. ಜಾವಳಿ ಹತ್ತಿರದ ಒಂದು ಎಸ್ಟೇಟಿನಲ್ಲಿ ಮೂವತ್ತೆರಡು ವರ್ಷ ಆಳುಗಳ ಹಾಜರಿ, ಮಳೆಯ ಅಳತೆ, ಮ್ಯಾನೇಜರಿಗೆ ವರದಿ ಎಂದು ಬರೆದುಕೊಂಡಿದ್ದೆ. ಅಕ್ಷರ ದುಂಡಗಿತ್ತು, ಅದೊಂದು ಜಂಬ ನನಗಿತ್ತು. ನಿವೃತ್ತನಾಗಿ ಮೂಡಿಗೆರೆಗೆ ಬಂದ ಮೇಲೆ ಬಲಗೈ ನಡುಗಲು ಶುರುವಾಯಿತು. ಈಗ ನನ್ನ ಸಹಿಯನ್ನು ಗುರುತಿಸುವುದು ನನಗೇ ಕಷ್ಟ.

ಮಾತಾಡಿದರೆ ಸಾಕು, ಕಂಪ್ಯೂಟರೇ ಟೈಪ್ ಮಾಡಿಕೊಳ್ಳುತ್ತದೆ ಎಂದು ಯಾರೋ ಆಸೆ ಹುಟ್ಟಿಸಿದರು. ಚಿಕ್ಕಮಗಳೂರಿಗೆ ಹೋಗಿ ಒಂದು ಹಳೆಯ ಕಂಪ್ಯೂಟರ್, ಒಂದು ಹೊಸ ಮೈಕು ತಂದೆ. ಆ ದಿನದಿಂದ ನನ್ನ ರಕ್ತದೊತ್ತಡದ ಮಾತ್ರೆ ಒಂದಿದ್ದದ್ದು ಎರಡಾಗಿದೆ.

ಕಳೆದ ತಿಂಗಳು ತೋಟದ ಯಜಮಾನರು ಫೋನ್ ಮಾಡಿದರು. ಮೇಸ್ತ್ರಿ ಗಿರಿಜಮ್ಮ ಕೆಲಸ ಬಿಡುತ್ತಿದ್ದಾರೆ, ಭಾನುವಾರ ಬೀಳ್ಕೊಡುಗೆ, ಅವರ ಬಗ್ಗೆ ನಾಲ್ಕು ಮಾತು ಬರೆದುಕೊಂಡು ಬಂದು ಓದಬೇಕು ಎಂದರು. ಗಿರಿಜಮ್ಮ ಆಳುಗಳನ್ನು ನಡೆಸಿಕೊಂಡು ಹೋಗುತ್ತಿದ್ದ ಹೆಂಗಸು. ಈ ಗುಡ್ಡದಲ್ಲಿ ನಿಂತು ಕೂಗಿದರೆ ಆ ಗುಡ್ಡದಲ್ಲಿ ಹಣ್ಣು ಕೊಯ್ಯುತ್ತಿದ್ದವರು ತಲೆ ಎತ್ತುತ್ತಿದ್ದರು. ಅವರಿಗೆ ಯಾವ ಮೈಕೂ ಬೇಕಿರಲಿಲ್ಲ. ಅಂಥವರ ಬಗ್ಗೆ ಹೇಳಲು ನಾನು ಮೈಕಿನ ಮುಂದೆ ಕೂತೆ.

ಮೈಕು ಕೇಳಿಸಿಕೊಳ್ಳಲಿಲ್ಲ. ಕೆಮ್ಮಿದೆ, ಊದಿದೆ, ಬೆರಳಲ್ಲಿ ತಟ್ಟಿದೆ, ಗದರಿದೆ. ಪರದೆ ಬೆಳ್ಳಗೆ ನಿಂತೇ ಇತ್ತು. ಸೆಟ್ಟಿಂಗ್ಸಿಗೆ ಹೋಗಿ ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಿದೆ. ಆಮೇಲೆ ಹಠಾತ್ತನೆ ಕೇಳಿಸಿಕೊಳ್ಳತೊಡಗಿತು, ಆದರೆ ಇಂಗ್ಲಿಷಿನಲ್ಲಿ. ‘ಗಿರಿಜಮ್ಮನವರು’ ಎಂದರೆ ‘ಗ್ಯಾರಿ ಜಾಮ್’ ಎಂದು ಬರೆಯಿತು. ಬ್ರಿಟಿಷರ ಕಾಲದ ಯಾವನೋ ಕಾಫಿ ದೊರೆಗೆ ನಾನು ಬೀಳ್ಕೊಡುಗೆ ಕೊಡುತ್ತಿರುವ ಹಾಗಿತ್ತು. ಕನ್ನಡಕ್ಕೆ ತಂದ ಮೇಲೂ ಸುಖವಿಲ್ಲ. ಕಳಸದ ಕಡೆಯವರು ‘ಕೆಲಸದ ಕಡೆಯವರು’ ಆದರು, ಜಾವಳಿ ತೋಟ ‘ಜವಳಿ ತೋಟ’ ಆಯಿತು. ತಿದ್ದಲು ಕೀಬೋರ್ಡಿಗೆ ಕೈ ಇಟ್ಟರೆ ನಡುಗುವ ಬೆರಳು ಯಾವುದೋ ಗುಂಡಿಗೆ ತಾಗಿ ಕೀಬೋರ್ಡಿನ ಭಾಷೆಯೇ ಬದಲಾಗುತ್ತಿತ್ತು.

ಹಳೆಯ ಕಾಲದ ಶಾಸನಗಳಲ್ಲಿ ಪದ್ಯ ಕಟ್ಟಿದವನೊಬ್ಬ, ಕಲ್ಲಿನಲ್ಲಿ ಕೆತ್ತಿದವನು ಇನ್ನೊಬ್ಬ ಇರುತ್ತಿದ್ದರು. ತಪ್ಪು ಬಿದ್ದರೆ ಕವಿ ಕಲ್ಲುಕುಟಿಗನನ್ನು ತೋರಿಸಬಹುದಿತ್ತೋ ಏನೋ. ನನಗೆ ತೋರಿಸಲು ಸಿಕ್ಕಿದ್ದು ಮೈಕು. ಅದನ್ನು ಎತ್ತಿ ಬಿಸಾಡುವ ಹಂತಕ್ಕೆ ಬಂದಾಗ ನನ್ನ ಹೆಂಡತಿ ವಸಂತಾ ಹೋಗಿ, ನಮ್ಮ ಬೀದಿಯಲ್ಲೇ ಜೆರಾಕ್ಸ್ ಅಂಗಡಿ ಇಟ್ಟಿರುವ ರುಖ್ಸಾನಾಳನ್ನು ಕರೆತಂದಳು.

ರುಖ್ಸಾನಾ ನಿಂತಲ್ಲಿಂದಲೇ ಒಂದು ಪಟ್ಟಿ ತೆರೆದಳು. “ಸಾರ್, ಇದ್ರಲ್ಲಿ ಮೂರು ಮೈಕ್ ತೋರಿಸ್ತಿದೆ. ನೀವು ಮಾತಾಡ್ತಿರೋದು ಒಂದರ ಮುಂದೆ, ಇದು ಕೇಳ್ತಿರೋದು ಇನ್ನೊಂದರಲ್ಲಿ.”

“ಮತ್ತೆ ಮೂರು ಯಾಕಮ್ಮ? ನನಗಿರೋದು ಒಂದೇ ಬಾಯಿ.”

“ಕಂಪ್ಯೂಟರಲ್ಲೇ ಒಂದಿರುತ್ತೆ, ಕ್ಯಾಮೆರಾದಲ್ಲೂ ಒಂದಿರುತ್ತೆ ಸಾರ್,” ಎಂದು ನನ್ನ ಮೈಕನ್ನು ಆರಿಸಿಕೊಟ್ಟಳು. ಮಾತಿನ ಭಾಷೆ ಬೇರೆ, ಕೀಬೋರ್ಡಿನ ಭಾಷೆ ಬೇರೆ, ಎರಡನ್ನೂ ಕನ್ನಡ ಮಾಡಬೇಕು ಎಂದು ತೋರಿಸಿದಳು. ನಿಲ್ಲಿಸಲು ಕೆಂಪು ಗುರುತನ್ನು ಒಂದೇ ಸಲ ಒತ್ತಬೇಕು ಎಂದು ಎರಡು ಸಲ ಹೇಳಿ ಹೋದಳು.

ಆಮೇಲೆ ಸರಾಗವಾಯಿತು. ‘ಗಿರಿಜಮ್ಮನವರು ಶಿಸ್ತು, ಸಮಯಪಾಲನೆ, ಕರ್ತವ್ಯನಿಷ್ಠೆಗಳ ಸಾಕಾರಮೂರ್ತಿ’ ಎಂದೆ. ಅಕ್ಷರ ತಪ್ಪದೆ ಬಂತು. ಕೆಂಪು ಗುರುತು ಒತ್ತಿ ವಸಂತಾಳಿಗೆ ಹೆಮ್ಮೆಯಿಂದ ಪರದೆ ತೋರಿಸಿದೆ. ಅವಳು ಓದಿ, ದೂರ ಹೋಗಿ ಬಟ್ಟೆ ಮಡಚುತ್ತಾ ಕೇಳಿದಳು: “ಇಷ್ಟೊಳ್ಳೆಯವರನ್ನ ಅವತ್ತು ಕಾಫಿ ಒಣಗಿಸೋ ಕಣದ ಕೆಲಸದಿಂದ ತೆಗೆದಿದ್ದು ಯಾಕೆ ಮತ್ತೆ?”

ನನಗೆ ಸಿಟ್ಟು ಬಂತು. ಮೈಕಿನ ಮೇಲಿದ್ದ ಸಿಟ್ಟೂ ಅದಕ್ಕೆ ಸೇರಿತು. ಇಷ್ಟು ವರ್ಷ ಅವಳಿಗೂ ಹೇಳದೆ ಇದ್ದದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. ಹೇಳಿ ಮುಗಿಸಿ ಪರದೆಯ ಕಡೆ ತಿರುಗಿದರೆ, ಸಾಕಾರಮೂರ್ತಿಯ ಕೆಳಗೆ, ಚುಕ್ಕಿ ಇಲ್ಲ, ಅಲ್ಪವಿರಾಮವಿಲ್ಲ:

‘ನಾನು ಯಾರಿಗೂ ಹೇಳದೆ ಕ್ಷೌರಕ್ಕೆ ಪೇಟೆಗೆ ಹೋಗಿದ್ದೆ ಟಾರ್ಪಾಲಿನ ಕೋಣೆ ಬೀಗದ ಕೈ ನನ್ನ ಜೇಬಲ್ಲೇ ಇತ್ತು ಮಳೆ ಬಂತು ಕಣದಲ್ಲಿ ಒಣಗಲು ಹಾಕಿದ್ದ ಕಾಫಿ ನೆನೀತು ಅವರೇನು ಸೀರೆ ಹೊದಿಸಬೇಕಿತ್ತಾ ಮ್ಯಾನೇಜರಿಗೆ ಹೆದರಿ ಗಿರಿಜಮ್ಮನ ತಪ್ಪು ಅಂತ ವರದಿ ಬರೆದೆ ಅವರು ಮೂರು ವರ್ಷ ಗುಡ್ಡದ ಮೇಲಿನ ದೂರದ ಬ್ಲಾಕಿಗೆ ನಡೆದರು ಈ ದರಿದ್ರ ಮೈಕು ನಿಲ್ಲಲ್ವಾ’

ನಡುಗುವ ಬೆರಳು ಕೆಂಪು ಗುರುತನ್ನು ಎರಡು ಸಲ ಒತ್ತಿತ್ತು. ನಿಂತ ಮೈಕು ಮತ್ತೆ ಶುರುವಾಗಿತ್ತು. ಅಳಿಸಲು ಕೈ ಎತ್ತಿದೆ. ವಸಂತಾ ಪರದೆಯನ್ನು ಓದಿದಳು. “ಕಡೇ ಸಾಲೊಂದು ತೆಗೀರಿ,” ಎಂದು ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಕೊನೆಗೆ ಮೈಕಿನ ಸಾಲನ್ನೂ ಸಾಕಾರಮೂರ್ತಿಯನ್ನೂ ತೆಗೆದೆ. ಉಳಿದದ್ದು ಅರ್ಧ ಪುಟ. ರುಖ್ಸಾನಾಳ ಅಂಗಡಿಯಲ್ಲಿ ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆಸಿದೆ.

ಭಾನುವಾರ ತೋಟದ ಬಂಗಲೆಯ ಅಂಗಳದಲ್ಲಿ ಅದನ್ನು ಓದಿದೆ. ಕಾಗದ ಎಷ್ಟು ಅಲ್ಲಾಡುತ್ತಿತ್ತೆಂದರೆ ಸಾಲು ಹಿಡಿಯುವುದೇ ಕಷ್ಟವಾಯಿತು. ಕ್ಷೌರ ಎಂದಾಗ ಹಿಂದೆ ಯಾರೋ ನಕ್ಕರು, ವರದಿ ಎಂದಾಗ ಯಾರೂ ನಗಲಿಲ್ಲ. ಯಜಮಾನರು ನೆಲ ನೋಡುತ್ತಿದ್ದರು. ನಾನು ನೇರ ಗಿರಿಜಮ್ಮನ ಹತ್ತಿರ ಹೋಗಿ ನಿಂತೆ.

“ನಂಗೆ ಗೊತ್ತಿತ್ತು ರೈಟ್ರೇ,” ಎಂದರು ಅವರು. “ಬೀಗ ಒಡೀಲಿಕ್ಕೆ ಕಲ್ಲು ಹುಡುಕಿದವ್ಳು ನಾನೇ ಅಲ್ವಾ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ದೆ. ನಿಮ್ಮ ಬರವಣಿಗೆ ಮುಂದೆ ನನ್ನ ಮಾತು ಯಾರು ಕೇಳ್ತಾರೆ. ಆ ಗುಡ್ಡ ಹತ್ತಿ ಹತ್ತಿ ಈ ಮಂಡಿ ಹೋಯ್ತು, ಅದು ಮಾತ್ರ ನೀವು ಬರ್ದಿಲ್ಲ.”

ಕ್ಷಮಿಸಿ ಎಂದೆ. ಅವರು ಕೈ ಚಾಚಿದರು. “ಆ ಕಾಗ್ದ ಇಲ್ಲಿ ಕೊಡಿ. ಮಗಳ ಕೈಲಿ ಇನ್ನೊಂದ್ಸಲ ಓದಿಸ್ತೀನಿ. ಮಂಡೀದು ಅವಳು ಕೆಳಗೆ ಬರ್ಕೊಳ್ಲಿ.”

ಕೊಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆಯ ಚೀಲಕ್ಕೆ ಹಾಕಿಕೊಂಡರು. ಆ ತೋಟದಲ್ಲಿ ನಾನು ಬರೆದ ಕಾಗದಗಳಿಗೆ ಲೆಕ್ಕವಿಲ್ಲ. ಇನ್ನೊಬ್ಬರು ಬೇಕೆಂದು ಕೇಳಿ ಇಸಿದುಕೊಂಡದ್ದು ಇದೊಂದನ್ನೇ, ಅದೂ ನಾನು ಬರೆಯಬೇಕೆಂದು ಬರೆದದ್ದಲ್ಲ.