ಕಡಲೆಕಾಳಿನಷ್ಟು ಬಿಳುಪು

ಐವತ್ತರ ದಶಕದಲ್ಲಿ ಉಟಗಿಯ ಸಮೀಪದ ಒಂದು ಶಾಲೆಯಲ್ಲಿ ನಾನು ಮಾಸ್ತರನಾಗಿದ್ದೆ. ಅಲ್ಲಿಯ ಶಿಪಾಯಿಯೇ ನಮಗೆಲ್ಲ ಕುಡಿಯಲು ನೀರು ಕೊಡುತ್ತಿದ್ದ. ತಂಬಿಗೆಯನ್ನು ಹೆಗಲ ವಸ್ತ್ರದಿಂದ ಎರಡು ಸಲ ಒರೆಸಿ, ಎರಡೂ ಕೈಯಿಂದ ಮುಂದೆ ಹಿಡಿಯುತ್ತಿದ್ದ. ಯಾರಾದರೂ ಎತ್ತಿ ಕುಡಿಯಲು ಹೋದರೆ, "ಬಾಯಿ ಹಚ್ಚೇ ಕುಡೀರಿ, ಅಂಗಿ ತೊಯ್ತದ," ಎನ್ನುತ್ತಿದ್ದ. ನಾನು ಯಾವಾಗಲೂ ಬಾಯಿ ಹಚ್ಚಿಯೇ ಕುಡಿಯುತ್ತಿದ್ದೆ.

ಒಮ್ಮೆ ಕೆಮ್ಮು ಬಿಡದೆ ಅವನು ಮಿರಜಿನ ದವಾಖಾನೆಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿಕೊಂಡು ಬಂದ. ಡಾಕ್ಟರರು ಅದನ್ನು ನೋಡುವುದು ಮುಂದಿನ ವಾರವಿತ್ತು. "ನೀವು ಓದಿದವ್ರು, ನೋಡ್ರಿ ಮಾಸ್ತರ್ರ," ಎಂದು ಫಿಲ್ಮು ನನ್ನ ಕೈಗಿಟ್ಟ. ಕಿಟಕಿಯ ಬೆಳಕಿಗೆ ಹಿಡಿದೆ. ಪಕ್ಕೆಲುಬುಗಳ ನಡುವೆ ಕಡಲೆಕಾಳಿನಷ್ಟು ಚುಕ್ಕೆ, ಸುಣ್ಣ ಇಟ್ಟಂತೆ ಎದ್ದು ಕಾಣುತ್ತಿತ್ತು. ನನಗೆ ಅದರಲ್ಲಿ ಏನೂ ತಿಳಿಯುತ್ತಿರಲಿಲ್ಲ. ಆದರೂ ಇಡೀ ವರ್ಗದೆದುರು, "ಇದು ಕ್ಷಯನ. ಎಷ್ಟು ಬೆಳ್ಳಗದ ನೋಡಪಾ," ಎಂದುಬಿಟ್ಟೆ.

ಮರುದಿನದಿಂದ ಮಕ್ಕಳು ಮನೆಯಿಂದಲೇ ನೀರು ತರತೊಡಗಿದರು. ನಾನೂ ಅದನ್ನೇ ಮಾಡಿದೆ. ಅವನು ಮಾತ್ರ ದಿನಾ ಕೊಡ ತುಂಬಿಸಿಡುತ್ತಿದ್ದ.

ಮುಂದಿನ ವಾರ ಮಿರಜಿನಿಂದ ನೆಟ್ಟಗೆ ನನ್ನ ವರ್ಗಕ್ಕೇ ಬಂದ. "ಹಳೀ ಗಾಯ ಮಾಯ್ದು ಗಟ್ಟಿ ಆಗೇದಂತ್ರಿ. ಅದಕ್ಕ ಅಷ್ಟು ಬೆಳ್ಳಗ ಕಾಣತದಂತ. ಅಂಜೂದೇನಿಲ್ಲ ಅಂದ್ರು ಡಾಕ್ಟರ್ರು," ಎಂದು ಹೇಳಿ, ಕೊಡದಿಂದ ನೀರು ತುಂಬಿದ ತಂಬಿಗೆಯನ್ನು ಎರಡು ಸಲ ಒರೆಸಿ ನನ್ನ ಮುಂದೆ ಹಿಡಿದ. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು.

ನಾನು ಬಾಯಿ ಹಚ್ಚದೆ ಎತ್ತಿ ಕುಡಿದೆ. ಎದೆಯ ಮೇಲೆ ಅಂಗಿ ತೊಯ್ದಿತು. ಅವನು ಅದನ್ನು ನೋಡಿ, ತಂಬಿಗೆ ತೆಗೆದುಕೊಂಡು ಹೊರಟ.