ಮೂಸಬ್ಬನಿಗಾಗಿ ನುಂಗಿದ ಮಾತ್ರೆ

ಬಂದರಿನ ನಸೀಬಾ ಬಿ.ಪಿ. ಮಾತ್ರೆ ತಪ್ಪಿಸಿದವಳೇ ಅಲ್ಲ. ಜ್ವರ ಬರಲಿ, ನೆಂಟರ ಮದುವೆಯಿರಲಿ, ಊಟವಾದ ಮೇಲೆ ಆ ಪುಟ್ಟ ಆಮ್ಲೋಡಿಪಿನ್ ಮಾತ್ರೆ ಬಾಯಿಗೆ ಬೀಳಲೇಬೇಕು. ನೆರೆಹೊರೆಯವರು ಅವಳ ಶಿಸ್ತನ್ನು ಹೊಗಳುತ್ತಾರೆ. ಶಿಸ್ತೂ ಇಲ್ಲ, ಮಣ್ಣೂ ಇಲ್ಲ! ಅಣ್ಣ ಮೂಸಬ್ಬನಿಗಿಂತ ಮೊದಲು ತಾನು ಸಾಯಬಾರದು, ಅವಳಿಗೆ ಬೇಕಾದದ್ದು ಅಷ್ಟೇ.

ಗಂಡ ತೀರಿಹೋದ ಮೇಲೆ ಅವಳ ಮಗಳು ಶೈಮಾಳಿಗೆ ಮೂಸಬ್ಬನೇ ತಂದೆಯ ಸ್ಥಾನದಲ್ಲಿದ್ದ. ಗಲ್ಫಿನಲ್ಲಿದ್ದ ಅಶ್ರಫನ ಜೊತೆ ಶೈಮಾಳ ಮದುವೆ ಗೊತ್ತಾಯಿತು. ಹುಡುಗ ಚೆನ್ನ, ಮನೆಯೂ ಚೆನ್ನ. ಅದೇ ಮೂಸಬ್ಬನ ಕಣ್ಣು ಕುಕ್ಕಿತು. ಹುಡುಗನ ಮನೆಗೆ ಹೋಗಿ, ಬಹಳ ಬೇಸರದ ಮುಖ ಮಾಡಿ, "ಹುಡುಗಿಗೆ ಫಿಟ್ಸ್ ಉಂಟು, ನಾಳೆ ನನ್ನನ್ನು ದೂರಬೇಡಿ" ಎಂದು ಹೇಳಿ ಬಂದ. ಶೈಮಾ ಮಗುವಾಗಿದ್ದಾಗ ವಿಪರೀತ ಜ್ವರಕ್ಕೆ ಒಮ್ಮೆ ಮೈ ಸೆಟೆದದ್ದು ನಿಜ. ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವನೂ ಇವನೇ, ಹೆದರುವಂಥದ್ದಲ್ಲ, ದೊಡ್ಡವಳಾದರೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡವನೂ ಇವನೇ.

ಸಂಬಂಧ ಮುರಿಯಿತು. ವರ್ಷ ತಿರುಗುವುದರೊಳಗೆ ಅಶ್ರಫ್ ಮೂಸಬ್ಬನ ಮಗಳು ಹಸ್ನಾಳನ್ನು ಮದುವೆಯಾದ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಲ್ಲಿ ದೂರುವುದು? ಅಶ್ರಫನ ತಾಯಿ ಆಮೇಲೆ ಬಾಯಿಬಿಟ್ಟದ್ದರಿಂದ ನಸೀಬಾಳಿಗೆ ವಿಷಯ ತಿಳಿಯಿತು. ಅಷ್ಟರಲ್ಲಿ ಫಿಟ್ಸಿನ ಸುದ್ದಿ ಊರೆಲ್ಲ ಹಬ್ಬಿತ್ತು, ಸುಳ್ಳೆಂದು ನಸೀಬಾ ಎಷ್ಟು ಹೇಳಿದರೂ ಹೆತ್ತವಳ ಮಾತೆಂದು ಜನ ನಂಬಲಿಲ್ಲ, ಶೈಮಾಳನ್ನು ಕೇಳಿಕೊಂಡು ಮತ್ತೆ ಯಾರೂ ಬರಲಿಲ್ಲ. ಈಗ ಅವಳು ಪಡೀಲಿನ ನರ್ಸರಿ ಶಾಲೆಯಲ್ಲಿ ಟೀಚರು. ತಲೆಯಲ್ಲಿ ಬಿಳಿಕೂದಲು ಇಣುಕುತ್ತಿದೆ.

ವಿಷಯ ತಿಳಿದ ವಾರವೇ ನಸೀಬಾ ತಲೆಸುತ್ತಿ ಬಿದ್ದಳು. ಬಿ.ಪಿ. ನೋಡಿದ ಡಾಕ್ಟರ್ ಉರ್ಸುಲಾ ಹೌಹಾರಿದರು. "ರಕ್ತನಾಳದ ಗೋಡೆಯೊಳಗೆ ಕ್ಯಾಲ್ಸಿಯಂ ನುಗ್ಗದ ಹಾಗೆ ಈ ಮಾತ್ರೆ ತಡೀತದೆ. ಬಿಗಿದ ನಾಳ ಸಡಿಲ ಆಗ್ತದೆ" ಎಂದರು.

"ನಾಳ ಸಡಿಲ ಆಗ್ಲಿ ಡಾಕ್ಟ್ರೇ, ಸಿಟ್ಟು ಸಡಿಲ ಆಗ್ಲಿಕ್ಕಿಲ್ಲ ಅಲ್ವಾ?" ಎಂದು ಕೇಳಿಕೊಂಡೇ ಅವಳು ಚೀಟಿ ಹಿಡಿದದ್ದು. ಸ್ವಲ್ಪ ಸಮಯದಲ್ಲಿ ಪಾದ ಊದಿದಾಗ ಕಿಡ್ನಿಯೇ ಹೋಯಿತೆಂದು ಅತ್ತಳು. ಪರೀಕ್ಷೆ ಮಾಡಿಸಿದ ಡಾಕ್ಟರು, ಅದು ಮಾತ್ರೆಯದ್ದೇ ಕೆಲಸ ಎಂದು ಡೋಸ್ ಇಳಿಸಿ, ಜೊತೆಗೆ ಇನ್ನೊಂದು ಮಾತ್ರೆ ಕೊಟ್ಟರು. ಊತ ಇಳಿಯಿತು.

ಹಜ್ಜಿಗೆ ಹೊರಡುವವರು ಬಂಧುಗಳ ಮನೆಮನೆಗೆ ಹೋಗಿ ಮಾಫ್ ಕೇಳುವುದು, ಹಳೆಯ ತಪ್ಪಿಗೆಲ್ಲ ಕ್ಷಮೆ ಬೇಡುವುದು ಪದ್ಧತಿ. ಈ ಸಲ ಮೂಸಬ್ಬ ಹೊರಟ. ಮಾಫ್ ಕೇಳಲು ತಂಗಿಯ ಮನೆಗೂ ಬಂದ. ಕರೆತಂದ ಅಳಿಯ ಅಶ್ರಫ್, ರಜೆಯಲ್ಲಿ ಊರಿಗೆ ಬಂದಿದ್ದವನು, ಹೊರಗೆ ಕಾರಿನಲ್ಲೇ ಕೂತ. ನಸೀಬಾ ಕುರ್ಚಿ ಎಳೆದಳು, ಚಹಾ ಮಾತ್ರ ಕೊಡಲಿಲ್ಲ.

"ಆದದ್ದೆಲ್ಲ ಮರೆತು ಮಾಫ್ ಮಾಡು ಮಾರಾಯ್ತಿ" ಎಂದ ಅವನು.

ನಸೀಬಾ ನೋಡಿದ್ದು ಅವನ ಪಾದವನ್ನು. ಬನ್ನಿನ ಹಾಗೆ ಊದಿತ್ತು. "ಕಾಲಿಗೆ ಎಂತ ಆಯ್ತು ಕಾಕ?" ಎಂದಳು. ಅಣ್ಣನನ್ನು ಅವಳು ಕರೆಯುವುದು ಹಾಗೆ.

"ಬಿ.ಪಿ. ಮಾತ್ರೆ ತಿಂದು ಕಿಡ್ನಿ ಹೋಗಿರ್ಬೇಕು. ಮೊನ್ನೆಯಿಂದ ಮಾತ್ರೆ ಬಿಟ್ಟಿದ್ದೇನೆ. ತಲೆ ಸಿಡೀತದೆ. ಮನೆಯಲ್ಲಿ ಹೇಳ್ಲಿಲ್ಲ, ಹೇಳಿದ್ರೆ ಹಜ್ಜಿಗೆ ಬಿಡುವುದಿಲ್ಲ." ಅವನು ಜೇಬಿನಿಂದ ತೆಗೆದು ತೋರಿಸಿದ್ದು ಅವಳು ನುಂಗುವ ಅದೇ ಮಾತ್ರೆ.

ನಸೀಬಾಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬಾಯಿ ಮುಚ್ಚಿ ಕೂತರೆ ಸಾಕು. ಮಾತ್ರೆ ಬಿಟ್ಟ ಮುದುಕ, ಮಕ್ಕಾದ ಬಿಸಿಲು, ಆ ನೂಕುನುಗ್ಗಲು. ತಲೆಯ ನರ ಒಡೆದು ಬೀಳುತ್ತಾನೆ. ಬೀಳಲಿ!

ಮರುಕ್ಷಣವೇ ಅವಳ ಮೈ ಉರಿಯಿತು. ಹಜ್ಜಿನಲ್ಲಿ ಸತ್ತರೆ ಆ ಪವಿತ್ರ ಮಣ್ಣಿನಲ್ಲೇ ದಫನ ಮಾಡುತ್ತಾರೆ. ಎಂಥ ಪುಣ್ಯವಂತ ಎಂದು ಊರು ಕಣ್ಣೀರು ಹಾಕುತ್ತದೆ. ಶೈಮಾಳಿಗೆ ಅಂಟಿದ ಸುಳ್ಳನ್ನು ಸುಳ್ಳೆಂದು ಹೇಳಬೇಕಾದ ಬಾಯಿಯೇ ಮುಚ್ಚಿಹೋಗುತ್ತದೆ. ಜನ ಬೇಡಿಕೊಂಡರೂ ಸಿಗದ ಅಂಥ ಸಾವನ್ನು ಈ ಮನೆಮುರುಕನಿಗೆ ಕೊಡುವುದೇ?

"ಈ ಮಾತ್ರೆಗೆ ನನ್ನ ಕಾಲೂ ಊದಿತ್ತು ಕಾಕ. ಈಗ್ಲೇ ಡಾಕ್ಟ್ರ ಹತ್ರ ಹೋಗು, ನೋಡಿ ಬದಲಿಸಿ ಕೊಡ್ತಾರೆ. ನೀನೇ ನಿಲ್ಲಿಸಿದ್ರೆ ಅಲ್ಲಿ ಬಿದ್ದು ಸಾಯ್ತೀ."

ಮೂಸಬ್ಬನ ಕಣ್ಣು ತುಂಬಿತು. "ಹಾಗಾದ್ರೆ ಮಾಫ್ ಮಾಡಿದಿ?"

"ಇಲ್ಲ. ಅಶ್ರಫ್ ಹೊರಗೆ ಕಾರಿನಲ್ಲಿ ಇದ್ದಾನಲ್ಲ? ಕರಿ. ಶೈಮಾಳಿಗೆ ಫಿಟ್ಸ್ ಇರ್ಲಿಲ್ಲ, ನಾನು ಸುಳ್ಳು ಹೇಳಿದ್ದು ಅಂತ ಹೇಳು. ಮಾಫ್ ಆಮೇಲೆ."

"ಹಸ್ನಾಳ ಸಂಸಾರ ಉಂಟಲ್ವಾ..." ಎಂದು ತೊದಲಿದ ಮೂಸಬ್ಬ ಅಳಿಯನನ್ನು ಕರೆಯದೆ ಎದ್ದು ಹೋದ.

ಹೊರಡುವ ದಿನ ಬಜಪೆ ವಿಮಾನ ನಿಲ್ದಾಣದಿಂದ ಅವನ ಫೋನು ಬಂತು. ಡಾಕ್ಟರು ಮಾತ್ರೆ ಬದಲಿಸಿದ್ದರು, ಊತ ಇಳಿದಿತ್ತು. "ನನ್ನ ಜೀವ ಉಳಿಸಿದಿ ನಸೀ. ಇನ್ನಾದ್ರೂ ಮಾಫ್ ಮಾಡು."

"ಉಮ್ಮಾ, ಸಾಕು ಬಿಡಿ" ಎಂದಳು ಪಕ್ಕದಲ್ಲಿದ್ದ ಶೈಮಾ. ಅವಳ ಕಿವಿಯ ಬಳಿಯ ಬಿಳಿಕೂದಲು ನಸೀಬಾಳ ಕಣ್ಣಿಗೆ ಬಿತ್ತು.

"ದಿನಾ ಮಾತ್ರೆ ತಿನ್ನು ಕಾಕ, ಒಂದು ದಿನವೂ ತಪ್ಪಿಸ್ಬೇಡ. ನೀನು ಅಲ್ಲಿ ಸಾಯ್ಲಿಕ್ಕಿಲ್ಲ. ತಿರುಗಿ ಬಂದು ಅಶ್ರಫನ ಎದುರು ನಿಲ್ಲಲಿಕ್ಕುಂಟು ನಿನಗೆ."

ಫೋನಿಟ್ಟು ಅವಳು ಮಗಳತ್ತ ಕೈ ಚಾಚಿದಳು. "ನನ್ನ ಮಾತ್ರೆ ಕೊಡು. ಅವನು ಬರುವವರೆಗೆ ನಾನೂ ಇರ್ಬೇಕಲ್ಲ."